ಮಗುವಿನ ಸರದಿ

ಕೇಳುಗರೆಲ್ಲರಿಗೂ ನಮಸ್ಕಾರ.

ನಾಲ್ಕೈದು ತಿಂಗಳ ಮಗು ನಿಮ್ಮ ಮುಖ ನೋಡಿ 'ಊಂ' ಎನ್ನುತ್ತದೆ. ನೀವು 'ಹೌದಾ ಕಂದಾ, ಆಮೇಲೆ?' ಎನ್ನುತ್ತೀರಿ. ಅದು ಕಾಲು ಬಡಿದು ಮತ್ತೆ 'ಊಂ' ಎನ್ನುತ್ತದೆ. ನಾವು ಇದನ್ನು ಮುದ್ದಾಟವೆಂದು ಕರೆದು ಸುಮ್ಮನಾಗುತ್ತೇವೆ. ಆದರೆ ಮಗುವಿನ ಮೊದಲ ಸಂಭಾಷಣೆ ಇದೇ. ನೀವೊಮ್ಮೆ, ನಾನೊಮ್ಮೆ ಎಂಬ ಸರದಿಯನ್ನು ಅದು ಪದಗಳಿಗಿಂತ ಮೊದಲೇ ಕಲಿಯುತ್ತದೆ.

ಕಿವಿ ಇನ್ನೂ ಮೊದಲೇ ಸಿದ್ಧವಾಗಿರುತ್ತದೆ. ನವಜಾತ ಶಿಶು ತಾಯಿಯ ದನಿಯನ್ನು ಗುರುತಿಸುತ್ತದೆ, ಏಕೆಂದರೆ ಗರ್ಭದಲ್ಲೇ ಅದನ್ನು ಕೇಳಿರುತ್ತದೆ. ಆರೆಂಟು ತಿಂಗಳವರೆಗೆ, ಮನೆಯಲ್ಲಿ ಎಂದೂ ಕೇಳದ ಭಾಷೆಗಳ ಸೂಕ್ಷ್ಮ ಧ್ವನಿಭೇದಗಳೂ ಶಿಶುವಿಗೆ ತಿಳಿಯುತ್ತವೆ. ವರ್ಷ ತುಂಬುವ ಹೊತ್ತಿಗೆ ಅದರ ಕಿವಿ ಸುತ್ತಲಿನವರ ಮಾತಿಗೆ ಒಗ್ಗಿಕೊಳ್ಳುತ್ತದೆ.

ಅಮೆರಿಕದಲ್ಲಿ ಪೆಟ್ರೀಷಿಯಾ ಕೂಲ್ ಮತ್ತು ಸಂಗಡಿಗರು ನಡೆಸಿ 2003ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ನನ್ನನ್ನು ಬಹಳ ಕಾಡಿದೆ. ಇಂಗ್ಲಿಷ್ ಮನೆಮಾತಿನ ಒಂಬತ್ತು ತಿಂಗಳ ಶಿಶುಗಳ ಎದುರು ಚೀನಾದ ಮ್ಯಾಂಡರಿನ್ ಭಾಷೆಯವರು ಕುಳಿತು ಪುಸ್ತಕ ಓದಿದರು, ಆಟಿಕೆ ಹಿಡಿದು ಆಡಿಸಿದರು. ಹೀಗೆ ಹನ್ನೆರಡು ಸಲ. ಆ ಶಿಶುಗಳು ಮ್ಯಾಂಡರಿನ್ ಧ್ವನಿಭೇದವನ್ನು ಹಿಡಿಯಲು ಕಲಿತವು. ಅದೇ ಜನರನ್ನು, ಅದೇ ಪಾಠವನ್ನು ಪರದೆಯ ಮೇಲೆ ನೋಡಿದ ಶಿಶುಗಳು ಕಲಿಯಲಿಲ್ಲ. ಪರದೆ ಮಾತನಾಡುತ್ತದೆ, ಆದರೆ ಮಗುವಿನ ಕಣ್ಣು ಎತ್ತ ಹೊರಳಿತು ಎಂದು ಅದು ನೋಡುವುದಿಲ್ಲ, ಮಗುವಿಗಾಗಿ ಕಾಯುವುದಿಲ್ಲ.

ಈ ಕಾಯುವಿಕೆ ದೊಡ್ಡವರಿಗೂ ಸುಲಭವಲ್ಲ. ಬಟ್ಟೆ ಮಡಿಸುತ್ತಾ 'ಒಂದು ಕಾಲುಚೀಲ ಸಿಕ್ಕಿತು, ಇನ್ನೊಂದು ಎಲ್ಲಿ ಹೋಯಿತು?' ಎಂದು ಕೇಳುತ್ತೇವೆ, ಮರುಕ್ಷಣವೇ ಉತ್ತರವನ್ನೂ ನಾವೇ ಹೇಳಿಬಿಡುತ್ತೇವೆ. ಮನಸ್ಸಿನಲ್ಲಿ ಐದರವರೆಗೆ ಎಣಿಸಿ ನೋಡಿ. ಮಗು ಬೆರಳು ತೋರಿಸಬಹುದು, 'ಅಲ್ಲಿ' ಎನ್ನಬಹುದು. ಕಾಗೆ ಹಾರಿದ್ದನ್ನು ಕಂಡು ಅದು 'ತಾಗೆ ಹೋಯ್ತು' ಎಂದರೆ ತಪ್ಪೆಂದು ತಿದ್ದುವುದು ಬೇಡ. 'ಹೌದು, ಕಾಗೆ ಹಾರಿಹೋಯಿತು, ಮರದ ಮೇಲೆ ಕುಳಿತಿತು' ಎಂದರೆ ಸಾಕು. ಸರಿಯಾದ ಪದವೂ ಕಿವಿಗೆ ಬಿತ್ತು, ಮಾತೂ ಮುಂದೆ ಸಾಗಿತು. 'ಇದೇನು? ಇದರ ಬಣ್ಣ ಯಾವುದು?' ಎಂದು ದಿನವಿಡೀ ಪರೀಕ್ಷೆ ಮಾಡುವುದು ನನಗೆ ಹಿಡಿಸುವುದಿಲ್ಲ. ಹಾಗೆಯೇ, ನಿಮಗೆ ಸಲೀಸಾಗಿ ಬರುವ ಭಾಷೆಯಲ್ಲೇ ಮಾತನಾಡಿ. ಮಗುವಿಗೆಂದು ತಡವರಿಸುತ್ತಾ ಬೇರೆ ಭಾಷೆ ಆಡಬೇಕಾಗಿಲ್ಲ.

ಒಂದು ವಿಷಯದಲ್ಲಿ ಮಾತ್ರ ಕಾಯಬೇಡಿ. ಎರಡು ವರ್ಷ ತುಂಬಿದರೂ ಮಗು ಎರಡು ಪದ ಜೋಡಿಸಿ ಹೇಳದಿದ್ದರೆ, ಅಥವಾ ಕರೆದಾಗ ತಿರುಗಿ ನೋಡದಿದ್ದರೆ, ವೈದ್ಯರಿಗೆ ತೋರಿಸಿ, ಕಿವಿಯ ಪರೀಕ್ಷೆ ಮಾಡಿಸಿ. 'ಕೆಲವರಿಗೆ ಮಾತು ತಡ' ಎಂಬ ಸಮಾಧಾನದಲ್ಲಿ ಅಮೂಲ್ಯವಾದ ತಿಂಗಳುಗಳು ಕಳೆದುಹೋಗುತ್ತವೆ.

ಇನ್ನು ಪುಸ್ತಕ. ನಾವು ಮನೆಯಲ್ಲಿ ಆಡುವ ಮಾತಿನಲ್ಲಿ 'ಗುಹೆ', 'ಅಲೆ', 'ನಾವಿಕ' ಎಷ್ಟು ಸಲ ಬರುತ್ತವೆ? ಚಿತ್ರಪುಸ್ತಕದಲ್ಲಿ ಅವು ಪುಟಪುಟಕ್ಕೂ ಸಿಗುತ್ತವೆ. ಮಗು ಅದೇ ಕಥೆಯನ್ನು ಹತ್ತನೆಯ ಸಲ ಕೇಳಿದರೆ ಬೇಸರಿಸಬೇಡಿ. ಮೂರು ವರ್ಷದ ಮಕ್ಕಳಿಗೆ ಬೇರೆಬೇರೆ ಕಥೆಗಳಿಗಿಂತ ಒಂದೇ ಕಥೆಯನ್ನು ಮತ್ತೆಮತ್ತೆ ಓದಿದಾಗ ಹೊಸ ಪದಗಳು ಹೆಚ್ಚು ನೆನಪಿನಲ್ಲಿ ಉಳಿದದ್ದನ್ನು 2011ರಲ್ಲಿ ಜೆಸಿಕಾ ಹಾರ್ಸ್ಟ್ ಮತ್ತು ಸಂಗಡಿಗರು ತೋರಿಸಿದ್ದಾರೆ. ಮೊದಲ ಸಲ ಕಥೆ ಏನೆಂದು ತಿಳಿಯುವುದರಲ್ಲೇ ಮಗುವಿನ ಗಮನವೆಲ್ಲ ಹೋಗುತ್ತದೆ. ಪದಗಳತ್ತ ಅದು ತಿರುಗುವುದು ಆಮೇಲೆ.

ಇಂದು ರಾತ್ರಿ ಅದೇ ಹಳೆಯ ಪುಸ್ತಕ ಹಿಡಿದು ಬಂದರೆ ಮಡಿಲಲ್ಲಿ ಕೂರಿಸಿಕೊಳ್ಳಿ. ಗೊತ್ತಿರುವ ಸಾಲಿನ ಕೊನೆಯ ಪದದ ಹತ್ತಿರ ನಿಲ್ಲಿ. ಆ ಪದವನ್ನು ಮಗು ಹೇಳಲಿ, ಪುಟವನ್ನೂ ಅದೇ ತಿರುಗಿಸಲಿ.

ನಮಸ್ಕಾರ.