ಕ್ರೀಮ್ ಡಬ್ಬಿಯ ಹಿಂಬದಿ

ಎಲ್ಲರಿಗೂ ನಮಸ್ಕಾರ.

ಮನೆಯಲ್ಲಿ ಹಚ್ಚಿಕೊಳ್ಳುವ ಕ್ರೀಮ್ ತನ್ನಿ ಎಂದಿದ್ದೆ. ಸುಮಾರು ಜನ ತಂದಿದ್ದೀರಿ, ಸಂತೋಷ. ಈಗ ಡಬ್ಬಿ ತಿರುಗಿಸಿ. ಹಿಂದೆ ಇರುವೆ ಸಾಲಿನಂಥ ಸಣ್ಣ ಅಕ್ಷರಗಳಿವೆ, ಅಲ್ವಾ? ನಮಗೆ ಇವತ್ತು ಬೇಕಾಗಿರುವುದು ಅದೇ, ಕ್ರೀಮಿಗೆ ಏನೇನು ಹಾಕಿದ್ದಾರೆ ಎಂಬ ಪಟ್ಟಿ. ಜಾಸ್ತಿ ಹಾಕಿದ್ದು ಮೊದಲು ಬರುತ್ತದೆ, ಹಾಗಾಗಿ ಹೆಚ್ಚಿನ ಲೋಷನ್‌ಗಳಲ್ಲಿ ಮೊದಲ ಹೆಸರು ನೀರು. ಶೇ. 1 ಅಥವಾ ಅದಕ್ಕಿಂತ ಕಡಿಮೆ ಇರುವುದನ್ನು ಕೊನೆಯಲ್ಲಿ ಹೇಗೆ ಬೇಕಾದರೂ ಬರೆಯಬಹುದು.

"ಕ್ರೀಮಲ್ಲಿ ಪ್ಲಾಸ್ಟಿಕ್ ಇರುತ್ತಂತೆ, ಹೌದಾ?" ಎಂದು ತುಂಬಾ ಜನ ಕೇಳುತ್ತಾರೆ. ಕೆಲವದರಲ್ಲಿ ಇರುತ್ತದೆ. ಪಾಲಿಎಥಿಲೀನ್, ನೈಲಾನ್-12 ಎಂಬ ಹೆಸರು ಕಂಡರೆ ಅದು ನಿಜವಾದ ಪ್ಲಾಸ್ಟಿಕ್ ಪುಡಿ. ಹಚ್ಚಿದಾಗ ರೇಷ್ಮೆಯ ಹಾಗೆ ನುಣುಪಾಗಿರಲಿ ಎಂದು ಹಾಕುತ್ತಾರೆ. ಗಾಯವಿಲ್ಲದ ಚರ್ಮ ದಾಟಿ ಒಳಹೋಗಲು ಈ ಕಣ ದೊಡ್ಡದು. ತೊಂದರೆ ಶುರುವಾಗುವುದು ಸ್ನಾನ ಮಾಡಿದ ಮೇಲೆ. ಚರಂಡಿಗೆ ಹೋದ ಪುಡಿ ಕರಗುವುದಿಲ್ಲ, ಕೊಳೆಯುವುದಿಲ್ಲ. ಅದಕ್ಕೇ ಯುರೋಪಿಯನ್ ಒಕ್ಕೂಟ 2023ರಲ್ಲಿ ನಿಯಮ ತಂದು, ಹಚ್ಚಿ ಹಾಗೇ ಬಿಡುವ ಕ್ರೀಮ್‌ಗಳಿಂದ ಈ ಪುಡಿ ತೆಗೆಯಲು 2029ರ ಅಕ್ಟೋಬರ್‌ವರೆಗೆ ಗಡುವು ಕೊಟ್ಟಿದೆ.

ಕಾರ್ಬೊಮರ್ ಬೇರೆ ಥರ. ಅದೂ ಕಾರ್ಖಾನೆಯಲ್ಲಿ ಮಾಡಿದ ಪಾಲಿಮರ್, ಅಂದರೆ ಪ್ಲಾಸ್ಟಿಕ್‌ನ ಹಾಗೆ ಸರಪಳಿಯಂಥ ಉದ್ದ ಅಣುಗಳ ವಸ್ತು, ಆದರೆ ನೀರು ಹೀರಿ ಉಬ್ಬಿ ಜೆಲ್ ಆಗುತ್ತದೆ. ಚಳಿಗಾಲದಲ್ಲಿ ಒಡೆದ ಹಿಮ್ಮಡಿಗೆ ಹಚ್ಚುವ ಪೆಟ್ರೋಲಿಯಂ ಜೆಲ್ಲಿಯಂತೂ ಪ್ಲಾಸ್ಟಿಕ್ ಅಲ್ಲವೇ ಅಲ್ಲ. ಅದು ಕಚ್ಚಾ ತೈಲದಿಂದ ಬಂದ ಮೇಣ ಮತ್ತು ಎಣ್ಣೆಯ ಮಿಶ್ರಣ. ಚೆನ್ನಾಗಿ ಶುದ್ಧ ಮಾಡಿದ್ದಾದರೆ ಹೆದರಬೇಕಿಲ್ಲ.

ಇನ್ನು ಪ್ಯಾರಬೆನ್, ಅಂದರೆ ಕ್ರೀಮ್ ಕೆಡದಿರಲಿ ಎಂದು ಹಾಕುವ ಒಂದು ಬಗೆಯ ರಾಸಾಯನಿಕ. ಇದರ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ನೀರಿರುವ ಕ್ರೀಮ್ ಕೆಡದಂತೆ ಇಡಲು ಏನಾದರೂ ಹಾಕಲೇಬೇಕು. ಇಲ್ಲದಿದ್ದರೆ ಬೆರಳಿಟ್ಟು ತೆಗೆಯುವ ಡಬ್ಬಿಯಲ್ಲಿ ಬೂಷ್ಟು, ಬ್ಯಾಕ್ಟೀರಿಯಾ ಬೆಳೆಯುತ್ತವೆ. ಪ್ಯಾರಬೆನ್‌ಗಳಲ್ಲೂ ಎಲ್ಲವೂ ಒಂದೇ ಅಲ್ಲ. ಯುರೋಪು ಐದನ್ನು 2014ರಲ್ಲಿ ನಿಷೇಧಿಸಿತು. ಮೀಥೈಲ್ ಪ್ಯಾರಬೆನ್‌ಗೆ ಶೇ. 0.4ರ ಮಿತಿಯಿದೆ. ಆದರೆ ಜನ ಎಲ್ಲದಕ್ಕೂ ಹೆದರಿದರು, ಡಬ್ಬಿಗಳ ಮೇಲೆ "ಪ್ಯಾರಬೆನ್ ಇಲ್ಲ" ಎಂದು ಬಂತು. ಅದರ ಜಾಗಕ್ಕೆ ಮೀಥೈಲ್‌ಐಸೋಥಯಾಜೋಲಿನೋನ್ ಎಂಬ, ಕ್ರೀಮ್ ಕೆಡದಂತೆ ಇಡುವ ಇನ್ನೊಂದು ರಾಸಾಯನಿಕ ಹೆಚ್ಚು ಹೆಚ್ಚು ಬಳಕೆಯಾಯಿತು. ಆಮೇಲೆ ಎಷ್ಟೋ ಜನರ ಮುಖ, ಕೈ ಕೆಂಪಾಗಿ ತುರಿಸತೊಡಗಿತು. 2013ರಲ್ಲಿ ಅಮೆರಿಕದ ಚರ್ಮ ಅಲರ್ಜಿ ತಜ್ಞರ ಸಂಘ ಅದನ್ನೇ ವರ್ಷದ ಅಲರ್ಜಿಕಾರಕ ಎಂದು ಹೆಸರಿಸಿತು. 2017ರಿಂದ ಯುರೋಪಿನಲ್ಲಿ ಹಚ್ಚಿ ಬಿಡುವ ಕ್ರೀಮ್‌ಗೆ ಅದನ್ನು ಹಾಕುವಂತಿಲ್ಲ. "ಇಲ್ಲ" ಎಂಬ ಮಾತು ಕಂಡಾಗ, ಹಾಗಾದರೆ ಇರುವುದೇನು ಎಂದು ಕೇಳಿ.

ನನಗೆ ನಿಜಕ್ಕೂ ಭಯ ಇರುವುದು ಬೆಳ್ಳಗಾಗಿಸುತ್ತೇವೆ ಎನ್ನುವ, ಹೆಸರು ವಿಳಾಸ ಇಲ್ಲದ ಕ್ರೀಮ್‌ಗಳ ಬಗ್ಗೆ. ಇಂಥ ಕೆಲವದರಲ್ಲಿ ಪಾದರಸ ಸಿಕ್ಕಿದೆ. ಅದು ಚರ್ಮದ ಬಣ್ಣ ತಯಾರಾಗುವುದನ್ನು ತಡೆಯುತ್ತದೆ, ಮೈಯೊಳಗೆ ಸೇರಿ ಮೂತ್ರಪಿಂಡ ಕೆಡಿಸುತ್ತದೆ. ಪಕ್ಕದ ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ ಇಂಥ ಕ್ರೀಮ್ ಹಚ್ಚಿದವರಿಗೆ ಕಿಡ್ನಿ ತೊಂದರೆ ಬಂದದ್ದನ್ನು ಅಲ್ಲಿನ ವೈದ್ಯರೇ ಪತ್ತೆ ಹಚ್ಚಿದರು. ನಮ್ಮ ಹೆಣ್ಣುಮಕ್ಕಳ ಬಣ್ಣ ಸರಿಯಿಲ್ಲ ಎಂದವರು ಯಾರು? ಮದುವೆ ಮಾತುಕತೆಗೆ ಮೊದಲು ಮಗಳ ಕೈಗೆ ಇದನ್ನು ಕೊಡುವ ತಾಯಂದಿರನ್ನು ಕೈಮುಗಿದು ಕೇಳುತ್ತೇನೆ, ಬೇಡ.

ಈಗ ಒಂದೊಂದೇ ಡಬ್ಬಿ ಓದೋಣ. ಹಿಂದೆ ಏನೂ ಬರೆಯದ ಡಬ್ಬಿ ಯಾರ ಹತ್ತಿರವಾದರೂ ಇದೆಯಾ? ಅದನ್ನು ಮೊದಲು ಈ ಮೇಜಿನ ಮೇಲಿಡಿ.