ಯಾವ ಬೆರಳು, ಯಾವ ಹೊತ್ತು?

ಕೇಳುಗರಿಗೆ ನಮಸ್ಕಾರ.

ರಾತ್ರಿ ಎರಡೋ ಮೂರೋ ಗಂಟೆ. ಒಳ್ಳೆ ನಿದ್ದೆ. ಇದ್ದಕ್ಕಿದ್ದ ಹಾಗೆ ಎಚ್ಚರವಾಗುತ್ತದೆ. ಕೈ ಜೋಮು ಹಿಡಿದಿದೆ. ಬೆರಳುಗಳು ಊದಿಕೊಂಡ ಹಾಗೆ ಅನ್ನಿಸುತ್ತದೆ, ದೀಪ ಹಾಕಿ ನೋಡಿದರೆ ಊತವೇನೂ ಕಾಣುವುದಿಲ್ಲ. ಎದ್ದು ಕೂತು, ಒದ್ದೆ ಕೈಯ ನೀರು ಕೊಡವುವ ಹಾಗೆ ನಾಲ್ಕು ಸಲ ಕೊಡವುತ್ತೀರಿ. ಸ್ವಲ್ಪ ಹೊತ್ತಿಗೆ ಸರಿಹೋಗುತ್ತದೆ. ಬೆಳಿಗ್ಗೆ ಯಾರಾದರೂ ಕೇಳಿದರೆ, "ಕೈ ಮೇಲೆ ಮಲಗಿಬಿಟ್ಟಿದ್ದೆ ಅನ್ಸುತ್ತೆ" ಅಂತೀರಿ.

ಒಂದು ದಿನದ ಮಾತಾದರೆ ಅದು ನಿಜವೇ ಇರಬಹುದು. ವಾರಕ್ಕೆ ಮೂರು ನಾಲ್ಕು ರಾತ್ರಿ ಹೀಗೇ ಆಗುತ್ತಿದ್ದರೆ, ಯಾವುದೋ ನರ ತೊಂದರೆಯಲ್ಲಿದೆ ಅಂತ ತಿಳಿಯಬೇಕು.

ನನ್ನ ಹತ್ತಿರ ಬರುವವರು ಸಾಮಾನ್ಯವಾಗಿ "ಡಾಕ್ಟ್ರೇ, ಕೈ ಪೂರ್ತಿ ಜುಮ್ ಅನ್ನುತ್ತೆ" ಅಂತಲೇ ಶುರು ಮಾಡುತ್ತಾರೆ. ಯಾವ ಬೆರಳು ಅಂತ ಕೇಳುತ್ತೇನೆ. ಎಲ್ಲಾ ಬೆರಳೂ ಅನ್ನುತ್ತಾರೆ. ಕಿರುಬೆರಳೂನಾ? ಆಗ ಸುಮ್ಮನಾಗಿ ಕೈ ನೋಡಿಕೊಳ್ಳುತ್ತಾರೆ. "ಇಲ್ಲ, ಅದೊಂದು ಬಿಟ್ಟು." ಆ ಒಂದು ಮಾತಿನಲ್ಲಿ ಅರ್ಧ ಕಾಯಿಲೆ ಗೊತ್ತಾಗಿಬಿಡುತ್ತದೆ.

ಈಗ ನಿಮ್ಮ ಒಂದು ಕೈ ಚಾಚಿ, ಅಂಗೈಯನ್ನು ನಿಮ್ಮ ಕಡೆ ತಿರುಗಿಸಿಕೊಳ್ಳಿ. ಹೆಬ್ಬೆರಳು, ತೋರುಬೆರಳು, ನಡುಬೆರಳು, ಜೊತೆಗೆ ಉಂಗುರ ಬೆರಳಿನ ಅರ್ಧ, ಅಂದರೆ ನಡುಬೆರಳಿನ ಕಡೆಯ ಅರ್ಧ. ಇಷ್ಟು ಜಾಗ ಮೀಡಿಯನ್ ಅನ್ನುವ ನರದ್ದು. ಉಳಿದರ್ಧ ಉಂಗುರ ಬೆರಳು ಮತ್ತು ಕಿರುಬೆರಳು ಅಲ್ನಾರ್ ನರದ್ದು. ಒಂದೇ ಬೆರಳನ್ನು ಎರಡು ನರಗಳು ಪಾಲು ಮಾಡಿಕೊಂಡಿವೆ ನೋಡಿ. ಉಂಗುರ ಬೆರಳಿನ ಒಂದು ಮಗ್ಗುಲು ಮಾತ್ರ ಮರಗಟ್ಟಿದೆ ಅಂತ ಯಾರಾದರೂ ಹೇಳಿದರೆ ನಮಗೆ ದಾರಿ ತುಂಬಾ ಸಲೀಸು.

ಮೀಡಿಯನ್ ನರ ಸಿಕ್ಕಿಹಾಕಿಕೊಳ್ಳುವ ಜಾಗ ಮಣಿಕಟ್ಟು. ಅಲ್ಲೊಂದು ಇಕ್ಕಟ್ಟಾದ ಸುರಂಗವಿದೆ. ಕೆಳಗೆ, ಪಕ್ಕಕ್ಕೆ ಮೂಳೆ. ಮೇಲೆ ಗಟ್ಟಿಯಾದ ಒಂದು ಪಟ್ಟಿ. ಬೆರಳು ಮಡಚುವ ಒಂಬತ್ತು ಹುರಿಗಳು ಅದರೊಳಗೇ ಓಡಾಡುತ್ತವೆ. ಒಂಬತ್ತು ಹುರಿ, ಒಂದು ನರ. ಒಳಗೆ ಚೂರು ಊತ ಬಂದರೂ ಮೂಳೆ ಸರಿಯುವುದಿಲ್ಲ, ಪಟ್ಟಿ ಜಗ್ಗುವುದಿಲ್ಲ. ಮೆತ್ತಗಿರುವ ನರವೇ ನಲುಗಬೇಕು. ಇದಕ್ಕೆ ಕಾರ್ಪಲ್ ಟನಲ್ ಸಿಂಡ್ರೋಮ್ ಅನ್ನುತ್ತಾರೆ. ನಿದ್ದೆಯಲ್ಲಿ ನಮಗೆ ಗೊತ್ತಿಲ್ಲದೇ ಮಣಿಕಟ್ಟು ಮಡಚಿಕೊಳ್ಳುತ್ತದೆ, ಒತ್ತಡ ಇನ್ನೂ ಏರುತ್ತದೆ. ರಾತ್ರಿಯೇ ಕಾಟ ಜಾಸ್ತಿ ಆಗುವುದು ಅದಕ್ಕೇ.

ಮನೆಯಲ್ಲೇ ಒಂದು ಪರೀಕ್ಷೆ ಮಾಡಿ ನೋಡಬಹುದು. ಎರಡೂ ಕೈಗಳ ಹಿಂಬದಿಯನ್ನು ಒಂದಕ್ಕೊಂದು ತಾಗಿಸಿ, ಬೆರಳು ಕೆಳಮುಖವಾಗಿರಲಿ. 1 ನಿಮಿಷ ಹಾಗೇ ಹಿಡಿದುಕೊಳ್ಳಿ. ಅಷ್ಟರಲ್ಲಿ ಹೆಬ್ಬೆರಳಿನ ಕಡೆ ಜುಮ್ಮೆಂದರೆ ಅನುಮಾನ ಗಟ್ಟಿ. ಹಾಗಂತ ಏನೂ ಆಗದಿದ್ದರೆ ಕಾಯಿಲೆಯೇ ಇಲ್ಲ ಅಂತ ಅರ್ಥವಲ್ಲ.

ಇದು ಗಂಡಸರಿಗಿಂತ ಹೆಂಗಸರಲ್ಲಿ ಜಾಸ್ತಿ. ಬಸುರಿಯರಲ್ಲಿ ಕೊನೆಯ ತಿಂಗಳುಗಳಲ್ಲಿ ಕಾಣಿಸಿಕೊಂಡು, ಹೆರಿಗೆಯಾದ ಮೇಲೆ ಸಾಮಾನ್ಯವಾಗಿ ತಾನೇ ಇಳಿಯುತ್ತದೆ. ಥೈರಾಯ್ಡ್ ಕಡಿಮೆ ಇರುವವರು, ಸಕ್ಕರೆ ಕಾಯಿಲೆಯವರು, ಕೀಲುವಾತ ಇರುವವರು, ದಿನವಿಡೀ ನಡುಗುವ ಯಂತ್ರ ಹಿಡಿದು ಕೆಲಸ ಮಾಡುವವರು, ಇವರೆಲ್ಲ ಹುಷಾರಾಗಿರಬೇಕು.

ಶುರುವಿನಲ್ಲಿ ಚಿಕಿತ್ಸೆ ಬಲು ಸರಳ. ರಾತ್ರಿ ಮಲಗುವಾಗ ಮಣಿಕಟ್ಟು ನೇರವಾಗಿ ನಿಲ್ಲುವಂಥ ಪಟ್ಟಿ, ಸ್ಪ್ಲಿಂಟ್, ಕಟ್ಟಿಕೊಳ್ಳುವುದು. ಎರಡು ದಿನ ಕಟ್ಟಿ ಬಿಸಾಕಬೇಡಿ, 6 ವಾರವಾದರೂ ಕೊಟ್ಟು ನೋಡಿ. ಅದಕ್ಕೂ ಬಗ್ಗದಿದ್ದರೆ ಸುರಂಗದೊಳಗೆ ಸ್ಟೀರಾಯ್ಡ್ ಇಂಜೆಕ್ಷನ್. ಅದೂ ಸಾಲದಿದ್ದರೆ ಸುರಂಗದ ಮೇಲಿರುವ ಆ ಗಟ್ಟಿ ಪಟ್ಟಿಯನ್ನು ಬಿಡಿಸುವ ಚಿಕ್ಕ ಆಪರೇಷನ್. ಕೈಗಷ್ಟೇ ಮರಗಟ್ಟುವ ಇಂಜೆಕ್ಷನ್ ಕೊಟ್ಟು ಮಾಡುತ್ತಾರೆ, ಸಾಮಾನ್ಯವಾಗಿ ಅದೇ ದಿನ ಮನೆಗೆ.

ಹೊಲಿಗೆ ಕೆಲಸ ಮಾಡುವ ಒಬ್ಬ ತಾಯಿ ನನಗೆ ಮತ್ತೆ ಮತ್ತೆ ನೆನಪಾಗುತ್ತಾರೆ. ಒಂದೂವರೆ ವರ್ಷ ಯಾರೋ ಹೇಳಿದ ವಿಟಮಿನ್ ಮಾತ್ರೆ ನುಂಗಿಕೊಂಡು ಕಾದಿದ್ದರು. ಲೋಟ ಕೈಜಾರುತ್ತೆ, ಗುಂಡಿ ಹಾಕೋಕಾಗಲ್ಲ ಅಂತ ಬಂದರು. ಎರಡೂ ಅಂಗೈ ಮೇಜಿನ ಮೇಲೆ ಇಡಲು ಹೇಳಿದೆ. ಎಡಗೈಯಲ್ಲಿ ಹೆಬ್ಬೆರಳಿನ ಬುಡದ ಮಾಂಸ ದುಂಡಗೆ ಉಬ್ಬಿತ್ತು. ಬಲಗೈಯಲ್ಲಿ ಅದೇ ಜಾಗ ಬತ್ತಿ ತಗ್ಗಾಗಿತ್ತು. ಆಪರೇಷನ್ ಆಯಿತು. ರಾತ್ರಿಯ ಜೋಮು ಮೊದಲ ವಾರದಲ್ಲೇ ನಿಂತಿತು. ಆ ತಗ್ಗು ಮಾತ್ರ ಪೂರ್ತಿ ತುಂಬಲಿಲ್ಲ. ನೀವೂ ಎರಡು ಅಂಗೈ ಪಕ್ಕಪಕ್ಕ ಇಟ್ಟು ನೋಡಿಕೊಳ್ಳಿ. ವ್ಯತ್ಯಾಸ ಕಂಡರೆ ಕಾಯಬೇಡಿ.

ಜೋಮು ಕಿರುಬೆರಳಿನ ಕಡೆ ಇದ್ದರೆ ಮೊಣಕೈ ನೋಡಬೇಕು. ಮೊಣಕೈ ಗೋಡೆಗೆ ತಾಗಿದಾಗ ಕರೆಂಟ್ ಹೊಡೆದ ಹಾಗಾಗುತ್ತದಲ್ಲ, ಅದೇ ಅಲ್ನಾರ್ ನರ. ಮೇಜಿಗೆ ಮೊಣಕೈ ಊರಿ ಕೂರುವುದು, ಕೈ ಮಡಚಿ ಗಂಟೆಗಟ್ಟಲೆ ಫೋನ್ ಹಿಡಿಯುವುದು ಬಿಟ್ಟರೆ ಎಷ್ಟೋ ಜನಕ್ಕೆ ಆರಾಮಾಗುತ್ತದೆ. ರಾತ್ರಿ ಮೊಣಕೈಗೆ ಟವೆಲ್ ಸುತ್ತಿಕೊಂಡರೆ ಕೈ ಮಡಚಿಕೊಳ್ಳುವುದಿಲ್ಲ. ಇದೇ ನರ ದಪ್ಪಗಾಗಿ, ಚರ್ಮದಲ್ಲಿ ಸ್ಪರ್ಶವಿಲ್ಲದ ಮಚ್ಚೆ ಇದ್ದರೆ ಕುಷ್ಠದ ಪರೀಕ್ಷೆ ಆಗಲೇಬೇಕು. ಮಾತ್ರೆಗಳಿಂದ ಪೂರ್ತಿ ಗುಣವಾಗುವ ಕಾಯಿಲೆ ಅದು, ನಾಚಿಕೆ ಬೇಡ.

ಕತ್ತು ತಿರುಗಿಸಿದಾಗ ನೋವು ಭುಜದಿಂದ ಬೆರಳಿನ ತನಕ ಹರಿದರೆ ಮೂಲ ಕತ್ತಿನಲ್ಲಿದೆ. ಅದರಲ್ಲೂ ಬಹಳಷ್ಟು ಆಪರೇಷನ್ ಇಲ್ಲದೇ ವಾರಗಳಲ್ಲಿ ಇಳಿಯುತ್ತವೆ.

ಎರಡೂ ಪಾದಗಳಲ್ಲಿ ಉರಿ, ಮರಗಟ್ಟುವಿಕೆ ಶುರುವಾಗಿ, ಆಮೇಲೆ ಕೈಗೂ ಬಂದರೆ ರಕ್ತ ಪರೀಕ್ಷೆ ಮಾಡಿಸಿ. ಸಕ್ಕರೆ ಕಾಯಿಲೆ ಇರಬಹುದು, ವಿಟಮಿನ್ ಬಿ12 ಕೊರತೆ ಇರಬಹುದು, ಮದ್ಯದ ಚಟವೂ ಕಾರಣವಾಗಬಹುದು. ಬಿ12 ಸಿಗುವುದು ಹಾಲು, ಮೊಟ್ಟೆ, ಮೀನು, ಮಾಂಸದಲ್ಲಿ. ಸಕ್ಕರೆ ಕಾಯಿಲೆಗೆ ಕೊಡುವ ಮೆಟ್‌ಫಾರ್ಮಿನ್ ಮಾತ್ರೆಯನ್ನು ವರ್ಷಗಟ್ಟಲೆ ತೆಗೆದುಕೊಳ್ಳುವವರಲ್ಲೂ ಇದು ಕಡಿಮೆಯಾಗಬಹುದು. ಆದರೆ ಪರೀಕ್ಷೆ ಮಾಡಿಸದೆ ನರದ ಮಾತ್ರೆ ಅಂತ ಕಂಡದ್ದೆಲ್ಲ ನುಂಗಬೇಡಿ. ಬಿ6 ಅತಿಯಾದರೆ ಅದೇ ನರವನ್ನು ಕೆಡಿಸುತ್ತದೆ. ಇದು ಎಷ್ಟೋ ಜನಕ್ಕೆ ಗೊತ್ತೇ ಇಲ್ಲ.

ನರದ ನೋವಿಗೆ ಮಾಮೂಲಿ ನೋವಿನ ಮಾತ್ರೆ ಅಷ್ಟಾಗಿ ಕೆಲಸ ಮಾಡುವುದಿಲ್ಲ. ಗ್ಯಾಬಾಪೆಂಟಿನ್, ಪ್ರಿಗ್ಯಾಬಲಿನ್, ಅಮಿಟ್ರಿಪ್ಟಿಲಿನ್, ಡುಲೋಕ್ಸೆಟಿನ್, ಇವುಗಳಲ್ಲಿ ಒಂದನ್ನು ಬರೆದುಕೊಡುತ್ತೇವೆ. ಕೆಲವರು ಮನೆಗೆ ಹೋಗಿ ಓದಿ, "ಇದು ಖಿನ್ನತೆಯ ಮಾತ್ರೆಯಂತೆ, ಇಲ್ಲವಾದರೆ ಮೂರ್ಛೆರೋಗದ್ದಂತೆ" ಅಂತ ಗಾಬರಿಯಾಗುತ್ತಾರೆ. ನಿಮ್ಮ ನೋವು ಬರೀ ಮನಸ್ಸಿನದು ಅಂತ ನಾವು ಹೇಳುತ್ತಿಲ್ಲ. ಈ ಔಷಧಿಗಳು ನರದ ನೋವನ್ನೂ ತಗ್ಗಿಸುತ್ತವೆ, ಅಷ್ಟೇ. ಮೊದಮೊದಲು ಮಂಪರು, ತಲೆಸುತ್ತು ಬರಬಹುದು. ಕೇಳದೆ ತಟ್ಟನೆ ನಿಲ್ಲಿಸಬೇಡಿ.

ಇದ್ದಕ್ಕಿದ್ದಂತೆ ಒಂದೇ ಕಡೆಯ ಕೈ ಸೋತು, ಬಾಯಿ ಸೊಟ್ಟಗಾಗಿ, ಮಾತು ತೊದಲಿದರೆ ಅದು ಪಾರ್ಶ್ವವಾಯು. ಕ್ಷಣವೂ ತಡಮಾಡದೆ ಆಸ್ಪತ್ರೆಗೆ ಓಡಬೇಕು. ಎರಡೂ ಕೈ ಒರಟಾಗಿ, ನಡಿಗೆ ತಪ್ಪುತ್ತಿದ್ದರೆ, ಮೂತ್ರ ಹಿಡಿತದಲ್ಲಿಲ್ಲದಿದ್ದರೆ ಕತ್ತಿನಲ್ಲಿ ಬೆನ್ನುಹುರಿಯೇ ಒತ್ತಿಹೋಗಿರಬಹುದು. ಅದಕ್ಕೂ ತಡ ಸಲ್ಲದು.

ಉಳಿದಂತೆ, ಡಾಕ್ಟರ ಹತ್ತಿರ ಹೋಗುವ ಮುಂಚೆ ಒಂದು ಕೆಲಸ ಮಾಡಿ. ಹಾಳೆಯ ಮೇಲೆ ಕೈಯಿಟ್ಟು ಸುತ್ತ ಗೆರೆ ಎಳೆಯಿರಿ. ಜೋಮು ಬರುವ ಜಾಗಕ್ಕೆ ಪೆನ್ಸಿಲ್‌ನಲ್ಲಿ ಬಣ್ಣ ತುಂಬಿ. ಎಷ್ಟು ಹೊತ್ತಿಗೆ ಬಂತು, ಏನು ಮಾಡಿದಾಗ ಹೋಯಿತು ಅಂತ ಪಕ್ಕದಲ್ಲಿ ಬರೆಯಿರಿ. ಹಿಂದುಗಡೆ ನೀವು ತೆಗೆದುಕೊಳ್ಳುವ ಮಾತ್ರೆಗಳ ಹೆಸರು. ಹೋಗುವಾಗ ಆ ಹಾಳೆ ಮರೆಯಬೇಡಿ. ನಮಸ್ಕಾರ.