ಕಾಲು ಗಟ್ಟಿ ಇದೆ ಸ್ವಾಮಿ, ದಿನ ಉದ್ದ

ನಮಸ್ಕಾರ. ಮುಂಬೈ ಹತ್ತಿರದ ಡೊಂಬಿವಲಿಯ ಮೂರನೇ ಮಹಡಿಯಿಂದ, ಕಿಟಕಿ ಮುಚ್ಚಿ, ಫ್ಯಾನ್ ಆಫ್ ಮಾಡಿ, ಬೆವರು ಸುರಿಸಿಕೊಂಡು ಮಾತಾಡುತ್ತಿದ್ದೇನೆ. ಮೈಕಿಗೆ ಫ್ಯಾನಿನ ಸದ್ದು ಆಗಿಬರುವುದಿಲ್ಲ. ಈ ವಾರ ಬೇರೆ ವಿಷಯ ಬರೆದಿಟ್ಟಿದ್ದೆ, ಮುಂಬೈ ಮಳೆ ಮತ್ತು ಕರಾವಳಿ ಮಳೆ, ಯಾವುದು ಜಾಸ್ತಿ ಒದ್ದೆ ಅಂತ. ಅದು ಮುಂದಿನ ವಾರ. ಯಾಕೆಂದರೆ ಒಂದು ಕಮೆಂಟ್ ಬಂತು.

ಅಮೆರಿಕದ ಒರ್ಲಾಂಡೊಗೆ, ಡಿಸ್ನಿ ವರ್ಲ್ಡ್ ನೋಡಲು ಹೋದ ಪ್ರವಾಸದ ವಿಡಿಯೊ ಹಾಕಿದ್ದೆನಲ್ಲ. ನೋಡಿಲ್ಲದವರು ಆಮೇಲೆ ನೋಡಿ, ಈಗಲೇ ಎದ್ದು ಹೋಗಬೇಡಿ. ಅದರಲ್ಲಿ ಅರಮನೆ ಇದೆ, ರಾತ್ರಿಯ ಪಟಾಕಿ ಇದೆ, ನಮ್ಮ ಭಾವ ಹೊಸ ಅಂಗಿಯ ಮೇಲೆ ಐಸ್‌ಕ್ರೀಮ್ ಸುರಿದುಕೊಂಡದ್ದಿದೆ. ಇಷ್ಟೆಲ್ಲ ಬಿಟ್ಟು ಒಬ್ಬ ಮಹಾನುಭಾವರು ಹನ್ನೊಂದನೇ ನಿಮಿಷದ ನಾಲ್ಕು ಸೆಕೆಂಡ್ ಹಿಡಿದುಕೊಂಡಿದ್ದಾರೆ. ನನ್ನ ಮಗ ಸ್ಟ್ರಾಲರ್‌ನಲ್ಲಿ ಕೂತಿರುವುದು. "ಏಳು ವರ್ಷದ ಹುಡುಗನನ್ನ ಕೂಸಿನ ಗಾಡೀಲಿ ತಳ್ತೀರಲ್ಲ, ಅವನಿಗೆ ಕಾಲಿಲ್ವಾ?" ಅಂತ. ಕೊನೆಗೆ ಕೈ ಮುಗಿಯುವ ಇಮೋಜಿ ಬೇರೆ. ಕೆಳಗೆ ಅರವತ್ತೆರಡು ಲೈಕ್. ಇಡೀ ವಿಡಿಯೊಗೇ ಅಷ್ಟು ಬಂದಿಲ್ಲ.

ಕಾಲಿದೆ ಸ್ವಾಮಿ. ಎರಡಿವೆ. ಮೊನ್ನೆ ಅದರಲ್ಲೊಂದರಿಂದ ಚೆಂಡು ಒದ್ದು ಪಕ್ಕದ ಮನೆ ಕಾಕೂ ಅವರ ತುಳಸಿ ಕುಂಡ ಒಡೆದಿದ್ದಾನೆ. ಕಾಲು ಗಟ್ಟಿ ಇದೆ. ದಿನ ಉದ್ದ. ಇಷ್ಟೇ ನನ್ನ ಮಾತು. ಉಳಿದ ಹತ್ತು ನಿಮಿಷ ಇದನ್ನೇ ಬೇರೆ ಬೇರೆ ದನಿಯಲ್ಲಿ ಹೇಳುತ್ತೇನೆ, ಚಹಾ ತಗೊಂಡು ಬನ್ನಿ.

ದಿನ ಎಷ್ಟು ಉದ್ದ ಅಂತ ಹೇಳುತ್ತೇನೆ. ಎಪ್ಕಾಟ್ ಅಂತ ಒಂದು ಪಾರ್ಕ್. ವಾಲ್ಟ್ ಡಿಸ್ನಿ ವರ್ಲ್ಡ್‌ನ 4 ಥೀಮ್ ಪಾರ್ಕ್‌ಗಳಲ್ಲಿ ಒಂದು, 1982ರಲ್ಲಿ ಶುರುವಾದದ್ದು. ಅದರ ಹಿಂಭಾಗದಲ್ಲಿ ದೊಡ್ಡ ಕೆರೆ, ಕೆರೆಯ ಸುತ್ತ ಒಂದೊಂದು ದೇಶದ ಹೆಸರಿನಲ್ಲಿ ಕಟ್ಟಿದ 11 ಮಂಟಪ. ಮೆಕ್ಸಿಕೊದಲ್ಲಿ ಹೊರಟರೆ ಕೆನಡಾದಲ್ಲಿ ಬಂದು ಬೀಳುತ್ತೀರಿ. ಒಂದು ಸುತ್ತಿಗೆ ಸುಮಾರು 2 ಕಿಲೋಮೀಟರ್. ನಮ್ಮ ದಾದರ್‌ನ ಶಿವಾಜಿ ಪಾರ್ಕ್ ಕಟ್ಟೆಯ ಸುತ್ತು 1.2 ಕಿಲೋಮೀಟರ್ ಕೂಡ ಪೂರ್ತಿ ಇಲ್ಲ. ಅಷ್ಟಕ್ಕೇ ನಮ್ಮ ಮಾವ ಅರ್ಧ ದಾರಿಯಲ್ಲಿ "ಫೋನ್ ಬಂತು" ಅಂತ ಕಟ್ಟೆ ಮೇಲೆ ಕೂತುಬಿಡುತ್ತಾರೆ. ಫೋನ್ ಬಂದಿರುವುದಿಲ್ಲ, ನನಗೆ ಗೊತ್ತು, ಅವರಿಗೂ ಗೊತ್ತು.

ಇದು ಬರೀ ಹಿಂಭಾಗ. ಮುಂಭಾಗ ಬೇರೆ ಇದೆ, ಪಾರ್ಕಿಂಗ್ ಬೇರೆ ಇದೆ, ಸಾಲು ಬೇರೆ ಇದೆ. ಮಾರನೇ ದಿನ ಇನ್ನೊಂದು ಪಾರ್ಕ್, ಮ್ಯಾಜಿಕ್ ಕಿಂಗ್‌ಡಮ್. ಅಲ್ಲಿ ಕಾರು ನಿಲ್ಲಿಸಿದ ಮೇಲೆ ಮೋನೊರೈಲೋ ಫೆರಿಯೋ ಹಿಡಿದು ಕೆರೆಯ ಆಚೆ ಬದಿಗೆ ಹೋದರೆ ಆಗ ಬಾಗಿಲು. ಅಂದರೆ ಶುರುವಾಗುವ ಮೊದಲೇ ಒಂದು ಪ್ರಯಾಣ ಮುಗಿದಿರುತ್ತದೆ. ರಾತ್ರಿ ನನ್ನ ಫೋನ್ ನೋಡಿದೆ, ಇಪ್ಪತ್ತೊಂದು ಸಾವಿರ ಹೆಜ್ಜೆ. ಮರೀನ್ ಡ್ರೈವ್ ಇದೆಯಲ್ಲ, 3.6 ಕಿಲೋಮೀಟರ್, ಅದನ್ನು ಆ ತುದಿಯಿಂದ ಈ ತುದಿಗೆ ನಾಲ್ಕು ಸಲ ನಡೆದ ಲೆಕ್ಕ. ಅದೂ ನನ್ನ ಹೆಜ್ಜೆ. ನಾನು ಒಂದು ಇಟ್ಟಲ್ಲಿ ಅವನು ಒಂದೂವರೆ ಇಡಬೇಕು. ಲೆಕ್ಕ ನೀವೇ ಹಾಕಿ, ನನಗೆ ಒಂದೂವರೆಯ ಮಗ್ಗಿ ಬರುವುದಿಲ್ಲ.

ಮೇ ತಿಂಗಳು ಬೇರೆ. ಒರ್ಲಾಂಡೊದ ಮೇ ಅಂದರೆ ನಮ್ಮ ಮೇ ತರಹವೇ, ಅಂಗಿ ಬೆನ್ನಿಗೆ ಅಂಟುತ್ತದೆ.

ಬೆಳಿಗ್ಗೆ ಹುಡುಗ ನಡೆದ. ನಡೆದ ಏನು, ಓಡಿದ. ಮಧ್ಯಾಹ್ನದವರೆಗೆ ಗಾಡಿಯಲ್ಲಿ ಕೂತದ್ದು ನನ್ನ ಬ್ಯಾಗು, ನಾಲ್ಕು ನೀರಿನ ಬಾಟಲಿ, ಅಕ್ಕ ಕಟ್ಟಿಕೊಟ್ಟ ಒಗ್ಗರಣೆ ಅವಲಕ್ಕಿಯ ಡಬ್ಬಿ. ಸಂಜೆ ಆರೂವರೆ ಹೊತ್ತಿಗೆ ಮಾತು ನಿಂತಿತು. ಇವನು ಮಾತು ನಿಲ್ಲಿಸುವ ಹುಡುಗನಲ್ಲ. ಏಳಕ್ಕೆ ತಾನಾಗಿ ಗಾಡಿ ಹತ್ತಿ ಬಾಟಲಿಗಳ ನಡುವೆ ಜಾಗ ಮಾಡಿಕೊಂಡ. ಮೊಣಕಾಲು ಎದೆಗೆ ಬಂದಿತ್ತು, ಗಾಡಿ ಸ್ವಲ್ಪ ಸಣ್ಣದೇ, ಒಪ್ಪುತ್ತೇನೆ. ಒಂದು ಶೂ ಲೇಸ್ ಬಿಚ್ಚಿ ಚಕ್ರದ ಪಕ್ಕ ಎಳೆದಾಡುತ್ತಿತ್ತು. ಕೈಯಲ್ಲಿ ಅರ್ಧ ತಿಂದ ಕೋಡುಬಳೆ. ಐದು ನಿಮಿಷಕ್ಕೆ ನಿದ್ದೆ, ಕೋಡುಬಳೆ ಬಿಟ್ಟಿಲ್ಲ. ಒಂಬತ್ತಕ್ಕೆ ಮೊದಲ ಪಟಾಕಿ ಸಿಡಿದಾಗ ಎದ್ದು ಕೂತ, ಕೋಡುಬಳೆ ಬಾಯಿಗಿಟ್ಟ, ಪೂರ್ತಿ ನೋಡಿದ. ಆ ಗಾಡಿ ಇಲ್ಲದಿದ್ದರೆ ಏಳೂವರೆಗೆ ಅಳು, ಎಂಟಕ್ಕೆ ನನ್ನ ಹೆಂಡತಿ ಮತ್ತು ನನ್ನ ನಡುವೆ ಮಾತು, ಎಂಟೂವರೆಗೆ ಎಲ್ಲರೂ ಕಾರಿನಲ್ಲಿ. ಪಟಾಕಿ ಯಾರಿಗೆ?

ಹಾಗಾಗಿ ಹೇಳುತ್ತೇನೆ, ಕಾಲು ಗಟ್ಟಿ ಇದೆ, ದಿನ ಉದ್ದ.

"ಅದು ಕೂಸುಗಳಿಗೆ ಮಾಡಿದ ಗಾಡಿ" ಅಂತ ಇನ್ನೊಬ್ಬರು. ಯಾರು ಹೇಳಿದ್ದು? ಅಲ್ಲಿ ಪಾರ್ಕಿನವರೇ ಸ್ಟ್ರಾಲರ್ ಬಾಡಿಗೆಗೆ ಕೊಡುತ್ತಾರೆ. ಎಷ್ಟು ತೂಕದ ಮಗುವಿನವರೆಗೆ? 50 ಪೌಂಡ್. ನಮ್ಮ ಲೆಕ್ಕದಲ್ಲಿ ಇಪ್ಪತ್ತೆರಡೂವರೆ ಕಿಲೋ ಮೇಲೆ. ಅಷ್ಟು ತೂಗುವ ಕೂಸನ್ನು ಎಲ್ಲಾದರೂ ನೋಡಿದ್ದೀರಾ? ತೊಟ್ಟಿಲು ಮುರಿಯುತ್ತದೆ. ಅದು ಆರು ಏಳು ವರ್ಷದವರ ತೂಕ. ಅಂದರೆ ಗಾಡಿ ಮಾಡಿದವನಿಗೇ ಗೊತ್ತಿತ್ತು ಯಾರು ಕೂರುತ್ತಾರೆ ಅಂತ. ಇನ್ನೂ ಒಂದು ಇದೆ, ಇದು ನನ್ನ ಹುಕುಂ ಎಕ್ಕ. 2019ರ ಮೇ ತಿಂಗಳಲ್ಲಿ ಡಿಸ್ನಿಯವರು ಅಮೆರಿಕದ ಪಾರ್ಕ್‌ಗಳಲ್ಲಿ ಸ್ಟ್ರಾಲರ್ ನಿಯಮ ಬಿಗಿ ಮಾಡಿದರು. 31 ಇಂಚು ಅಗಲ, 52 ಇಂಚು ಉದ್ದ, ಅದಕ್ಕಿಂತ ದೊಡ್ಡದು ಒಳಗಿಲ್ಲ. ಎಳೆಯುವ ವ್ಯಾಗನ್ ಅಂತೂ ಇಲ್ಲವೇ ಇಲ್ಲ. ಗಾಡಿಯ ಅಳತೆ ಹೇಳಿದರು. ಒಳಗೆ ಕೂತವನಿಗೆ ಎಷ್ಟು ವರ್ಷ ಅಂತ ಕೇಳಿದರಾ? ಜಾಗ ಅವರದು, ಜನ ಅವರದು, ಅವರಿಗಿಲ್ಲದ ಚಿಂತೆ ಈ ಕೈ ಮುಗಿದವರಿಗೆ ಯಾಕೆ?

ಅಂದಹಾಗೆ ಗಾಡಿ ಇಟ್ಟು ಆಟಕ್ಕೆ ಹೋಗಿ ಬಂದರೆ ಅದು ಇಟ್ಟ ಜಾಗದಲ್ಲಿ ಇರುವುದಿಲ್ಲ. ಅಲ್ಲಿನ ಸಿಬ್ಬಂದಿ ಎಲ್ಲವನ್ನೂ ಎತ್ತಿ ಸಾಲಾಗಿ ಜೋಡಿಸಿಬಿಟ್ಟಿರುತ್ತಾರೆ. ಥೇಟ್ ನಮ್ಮ ಸ್ಟೇಷನ್ ಹೊರಗಿನ ಸ್ಕೂಟರ್ ಪಾರ್ಕಿಂಗ್, ಬೈಗುಳ ಒಂದು ಇಲ್ಲ ಅಷ್ಟೇ. ನೂರಾರು ಕಪ್ಪು ಗಾಡಿ, ನಮ್ಮದು ಯಾವುದು? ಹೆಂಡತಿ ಹುಷಾರು. ರಾಜ್ಯೋತ್ಸವದ ಕಾರ್ಯಕ್ರಮದಲ್ಲಿ ಕೊಟ್ಟಿದ್ದ ಹಳದಿ ಕೆಂಪು ರಿಬ್ಬನ್ ಹಿಡಿಕೆಗೆ ಕಟ್ಟಿದ್ದಳು. ಮಿಕ್ಕಿ ಮೌಸ್ ಊರಿನಲ್ಲಿ ಕನ್ನಡ ಬಾವುಟ ಹಾರಿಸಿದ ಗಾಡಿ ಅದು, ಅದಕ್ಕೆ ಮರ್ಯಾದೆ ಕೊಡಿ.

ಈಗ ಕಮೆಂಟ್ ಮಾಡಿದವರ ಪ್ರೊಫೈಲ್. ನೋಡಿದೆ, ನೋಡದೆ ಇರುತ್ತೇನಾ? ಮುಂಬೈ ಲೋಕಲ್ ರೈಲಿನ ನಮ್ಮ ಸೆಂಟ್ರಲ್ ಲೈನಿನವರೇ. ಹಾಗಾದರೆ ಒಂದು ಪ್ರಶ್ನೆ ಸಾರ್. ಬೆಳಿಗ್ಗೆ ಡೊಂಬಿವಲಿಯಲ್ಲಿ ಮುಂಬೈಯ ಕೊನೇ ಸ್ಟೇಷನ್ ಸಿಎಸ್‌ಎಂಟಿ ಕಡೆಗೆ ಹೋಗಬೇಕಾದವರು ಉಲ್ಟಾ ಕಲ್ಯಾಣ್ ಲೋಕಲ್ ಹತ್ತಿ, ಅದೇ ರೈಲು ವಾಪಸು ಹೊರಡುವಾಗ ಕೂತೇ ಬರುತ್ತಾರಲ್ಲ, ರಿಟರ್ನ್ ಹೊಡೆಯುವುದು ಅಂತಾರಲ್ಲ, ಯಾಕೆ? ಕಿಟಕಿ ಸೀಟಿಗೆ. ನಲವತ್ತೈದು ವರ್ಷದ ಗಂಡಸು, ಜಿಮ್‌ಗೆ ಹೋಗುವವನು, ಒಂದೂಕಾಲು ಗಂಟೆ ನಿಲ್ಲಲಾರದೆ ಹಿಂದಕ್ಕೆ ಪ್ರಯಾಣ ಮಾಡಿ ಕೂರುತ್ತಾನೆ. ಸೀಟು ಸಿಗದವನು ಮೂವರ ಬೆಂಚಿನಲ್ಲಿ ಫೋರ್ತ್ ಸೀಟ್ ಅಂತ ಅರ್ಧ ಕುಂಡೆ ಊರುತ್ತಾನೆ. ಅವರಿಗೆ ಕಾಲಿಲ್ವಾ? ಯಾರಾದರೂ ಕೈ ಮುಗಿದು ಕೇಳಿದ್ದೀರಾ? ಫೋರ್ತ್ ಸೀಟ್ ಬಗ್ಗೆ ಇದೇ ಚಾನೆಲ್‌ನಲ್ಲಿ ಹಳೆಯದೊಂದು ಎಪಿಸೋಡ್ ಇದೆ, ಬಹಳ ಜನ ಬೈದಿದ್ದಾರೆ, ನೀವೂ ಬಂದು ಬೈಯಿರಿ.

ಇನ್ನು "ನಮ್ಮ ಕಾಲದಲ್ಲಿ" ಪಾರ್ಟಿ. ನಮಸ್ಕಾರ ಅಂಕಲ್. ನೀವು ಐದು ಮೈಲಿ ನಡೆದು ಶಾಲೆಗೆ ಹೋಗಿದ್ದಿರಿ, ಗೊತ್ತು. ಹೋದ ವರ್ಷ ಮೂರು ಮೈಲಿ ಇತ್ತು. ಬರುವ ವರ್ಷ ನಡುವೆ ಹೊಳೆಯೂ ಬರುತ್ತದೆ. ಸರಿ, ನಡೆದಿರಿ. ಹೋಗಿ ಏನು ಮಾಡಿದಿರಿ? ಬೆಂಚಿನ ಮೇಲೆ ಕೂತಿರಿ! ಸಂಜೆವರೆಗೆ! ಬಿಸಿಲಲ್ಲಿ ಮುಕ್ಕಾಲು ಗಂಟೆ ಸಾಲಲ್ಲಿ ನಿಂತು, ಮೂರು ನಿಮಿಷ ಆಟ ಆಡಿ, ಮತ್ತೆ ಸಾಲಲ್ಲಿ ನಿಂತು, ಹಾಗೆ ಹನ್ನೆರಡು ಗಂಟೆ ಕಳೆದಿರಾ?

ನನ್ನ ಕಾಲದ್ದು ನಾನೂ ಹೇಳುತ್ತೇನೆ. ಎಸ್ಸೆಲ್‌ವರ್ಲ್ಡ್ ಅಂತ ಆಟದ ಪಾರ್ಕ್, ಶುರುವಾದದ್ದು 1989ರಲ್ಲಿ, ಮುಂಬೈಯ ಗೋರಾಯಿಯಲ್ಲಿ, ಈಗ ಮುಚ್ಚಿದೆ. ನನ್ನನ್ನು ಅಪ್ಪ ಕರೆದುಕೊಂಡು ಹೋದಾಗ ನನಗೂ ಏಳೇ ವರ್ಷ. ಹೋಟೆಲ್ ಕೆಲಸದವರು, ವರ್ಷಕ್ಕೊಂದು ಭಾನುವಾರ ರಜೆ ಹಾಕಿ ಬಂದಿದ್ದರು. ಟ್ರೈನ್, ಬಸ್ಸು, ಆಮೇಲೆ ದೋಣಿ. ಹೋಗುವಾಗಿನದು ಎಲ್ಲ ನೆನಪಿದೆ. ಬರುವಾಗಿನ ದೋಣಿ ನೆನಪಿಲ್ಲ, ಬಸ್ಸು ನೆನಪಿಲ್ಲ, ನೆನಪಿರುವುದು ಅಪ್ಪನ ಅಂಗಿಯ ಕಾಲರಿಗೆ ಹತ್ತಿದ್ದ ಕಾಫಿ ಪುಡಿಯ ವಾಸನೆ. ಯಾಕೆಂದರೆ ಇಡೀ ದಾರಿ ಹೆಗಲ ಮೇಲೆ ನಿದ್ದೆ. ಆ ಕಾಲದ ಗಾಡಿ ಅದು, ಅದಕ್ಕೆ ಚಕ್ರ ಇರಲಿಲ್ಲ, ಬೆನ್ನು ನೋವು ಇತ್ತು. ನೀವೆಲ್ಲ ಊರ ಜಾತ್ರೆಯಲ್ಲಿ ಯಾರ ಹೆಗಲ ಮೇಲೆ ಕೂತು ತೇರು ನೋಡಿದಿರಿ ಹೇಳಿ. ಅಷ್ಟೇ ಯಾಕೆ, ದೇವರೇ ತೇರಲ್ಲಿ ಕೂತು ಬರುತ್ತಾನೆ, ಸಾವಿರ ಜನ ಎಳೆಯುತ್ತಾರೆ. ಅವನಿಗೆ ಕಾಲಿಲ್ವಾ?

ಪುಣೆಯಿಂದ ಒಬ್ಬರು ವಾರಿಯ, ಅಂದರೆ ವಿಠಲನ ಪಾದಯಾತ್ರೆಯ, ಉದಾಹರಣೆ ಕೊಟ್ಟರು. ಆಳಂದಿಯಿಂದ ಪಂಢರಪುರಕ್ಕೆ ಲಕ್ಷಾಂತರ ಜನ ನಡೆಯುತ್ತಾರೆ, ನಿಮ್ಮ ಮಗನಿಗೇನು ಅಂತ. ಅಣ್ಣಾ, ಆ ವಾರಿಯಲ್ಲಿ ಸಂತ ಜ್ಞಾನೇಶ್ವರರ ಪಾದುಕೆ ಹೋಗುವುದು ಯಾವುದರಲ್ಲಿ? ಎತ್ತು ಎಳೆಯುವ ರಥದಲ್ಲಿ. ಪಾದುಕೆ! ನಡೆಯುವುದಕ್ಕೇ ಅಂತ ಇರುವ ವಸ್ತು! ಅದಕ್ಕೇ ಗಾಡಿ ಇರುವಾಗ ನನ್ನ ಮಗನಿಗೆ ಯಾಕೆ ಬೇಡ?

ಮುಂಬೈ ಹತ್ತಿರದ ಗುಹೆಗಳ ದ್ವೀಪ ಎಲಿಫೆಂಟಾದಲ್ಲಿ ಮೆಟ್ಟಿಲು ಎಷ್ಟು, 120 ಚಿಲ್ಲರೆ. ಅದಕ್ಕೆ ಡೋಲಿ ಇದೆ. ಅದರ ಮೊದಲು ಜೆಟ್ಟಿಯಿಂದ ಮೆಟ್ಟಿಲ ಬುಡಕ್ಕೆ ಪುಟ್ಟ ರೈಲಿದೆ, ಅದರಲ್ಲಿ ಕಾಲೇಜು ಹುಡುಗರು ಸಾಲು ನಿಂತು ಕೂರುತ್ತಾರೆ. ಮಾಥೇರಾನ್ ಗಿರಿಧಾಮದಲ್ಲಿ ಕಾರು ಬಿಡುವುದಿಲ್ಲ ಅಂತ ಎಂಬತ್ತು ಕಿಲೋ ಮನುಷ್ಯ ಕುದುರೆ ಹತ್ತುತ್ತಾನೆ, ಫೋಟೊ ಹಾಕುತ್ತಾನೆ, ಕೆಳಗೆ "ಸೂಪರ್ ಬ್ರೋ" ಅಂತ ಕಮೆಂಟ್. ಪಾಪ ಕುದುರೆ. ನನ್ನ ಗಾಡಿ ತಳ್ಳುವ ಕುದುರೆ ನಾನೇ, ನನಗಿಲ್ಲದ ಕಷ್ಟ ನಿಮಗೇನು?

"ರೋಲರ್ ಕೋಸ್ಟರ್ ಹತ್ತೋ ವಯಸ್ಸಲ್ಲಿ ಗಾಡಿ ಬೇಕಾ" ಅಂತಲೂ ಬಂದಿದೆ. ಸಾರ್, ರೋಲರ್ ಕೋಸ್ಟರ್‌ನಲ್ಲೂ ಕೂತುಕೊಂಡೇ ಹೋಗುವುದು.

ಒಂದು ವಿಷಯ ಮಾತ್ರ ಜೋಕ್ ಇಲ್ಲದೆ ಹೇಳುತ್ತೇನೆ. ಕೆಲವು ಮಕ್ಕಳಿಗೆ ಆಟಿಸಂ ಇರುತ್ತದೆ, ಸ್ನಾಯುವಿನ ತೊಂದರೆ ಇರುತ್ತದೆ, ನೋಡಿದರೆ ಗೊತ್ತಾಗುವುದಿಲ್ಲ. ಗದ್ದಲದಲ್ಲಿ ಆ ಗಾಡಿಯ ಮುಚ್ಚಳದ ಕೆಳಗಿನ ಜಾಗವೇ ಅವರಿಗೆ ಆಸರೆ. ಡಿಸ್ನಿಯಲ್ಲಿ ಅಂಥವರ ಸ್ಟ್ರಾಲರ್‌ಗೆ ಬೇರೆ ಚೀಟಿ ಕೊಡುತ್ತಾರೆ, ವೀಲ್‌ಚೇರ್ ಅಂತಲೇ ಲೆಕ್ಕ, ಸಾಲಿನೊಳಗೂ ಬಿಡುತ್ತಾರೆ. "ಕಾಲಿಲ್ವಾ" ಅಂತ ಬರೆಯುವವರು ಅಂಥ ತಾಯಿಯೊಬ್ಬಳ ವಿಡಿಯೊ ಕೆಳಗೂ ಅದನ್ನೇ ಬರೆಯುತ್ತಾರೆ. ನನ್ನ ಮಗನಿಗೆ ಅದೇನೂ ಇಲ್ಲ. ಅವನಿಗೆ ಸುಮ್ನೆ ಸುಸ್ತಾಗಿತ್ತು. ಅವರ ಕಾರಣವನ್ನು ನಾನು ಸಾಲ ತಗೊಳ್ಳುವುದಿಲ್ಲ. ಸುಸ್ತು ಸಾಕು ಕಾರಣಕ್ಕೆ.

ಕಪ್ ವಿಷಯ. ನಮ್ಮ ಚಾನೆಲ್‌ನ ಕಪ್ ಬಂದಿದೆ, ಮೇಲೆ "ಸ್ವಲ್ಪ ಕೂತ್ಕೊಳ್ಳಿ" ಅಂತ ಬರೆದಿದೆ. ಇದನ್ನು ಈ ಎಪಿಸೋಡಿಗಾಗಿ ಮಾಡಿಸಿದ್ದಲ್ಲ, ದೇವರಾಣೆ, ಮೊದಲೇ ಬಂದಿತ್ತು. ಐವತ್ತು ಮಾಡಿಸಿದ್ದೆ. ಮೂರು ಹೋಗಿದೆ. ಒಂದು ಅಮ್ಮ ತಗೊಂಡರು.

ಎಲ್ಲಿದ್ದೆ? ಹಾಂ, ಹಿಮ್ಮಡಿ. "ಗಾಡಿಯವರು ನಮ್ಮ ಹಿಮ್ಮಡಿಗೆ ಗುದ್ದುತ್ತಾರೆ" ಅಂತ ಒಬ್ಬರು. ಗುದ್ದಿದ್ದೇನೆ, ಒಂದು ಸಲ. ಸಾರಿ ಅಂದೆ, ಆತನೂ ಸಾರಿ ಅಂದ. ಡೊಂಬಿವಲಿ ಬ್ರಿಡ್ಜ್ ಮೇಲೆ ದಿನಾ ಎಂಟು ಸಲ ಗುದ್ದಿಸಿಕೊಳ್ಳುತ್ತೇನೆ, ಒಬ್ಬನೂ ಸಾರಿ ಅನ್ನುವುದಿಲ್ಲ. ಮುಂದೆ ಬರೆದಿಟ್ಟಿದ್ದು... ಇಲ್ಲಿ "ಬಾಡಿಗೆ ದರ ನೋಡಿ ಹೇಳು" ಅಂತ ಬರೆದುಕೊಂಡಿದ್ದೇನೆ, ನೋಡಿಲ್ಲ. ಇರಲಿ. ಅದಕ್ಕೂ ಇದಕ್ಕೂ ಸಂಬಂಧ ಇಲ್ಲ. ದಿನ ಉದ್ದ ಅಂದರೆ ಉದ್ದ. ಅರವತ್ತೆರಡು ಲೈಕ್ ಕೊಟ್ಟವರೂ ಕೇಳಿ, ಉದ್ದ!

ಆ ಗಾಡಿ ಈಗ ನಮ್ಮ ಬಾಲ್ಕನಿಯಲ್ಲಿದೆ. ಅಕ್ಕ ತಗೊಂಡು ಹೋಗು ಅಂದಳು, ವಿಮಾನದಲ್ಲಿ ಹಾಕಿಕೊಂಡು ಬಂದೆವು. ಸದ್ಯಕ್ಕೆ ಅದರಲ್ಲಿ ಐದು ಕಿಲೋ ಈರುಳ್ಳಿ ಇದೆ. ದೀಪಾವಳಿ ರಜೆಗೆ ಖೋಪೋಲಿ ಕಡೆ ಪಾರ್ಕಿಗೆ ಹೋಗುವ ಯೋಚನೆ ಇದೆ, ಈರುಳ್ಳಿ ಇಳಿಸಿ ಚಕ್ರಕ್ಕೆ ಕೊಬ್ಬರಿ ಎಣ್ಣೆ ಬಿಡಬೇಕು. ನಿನ್ನೆ ಸುಮ್ನೆ ಗಾಡಿಯ ಕೆಳಗಿನ ಚೀಟಿ ಓದಿದೆ. ಅದರಲ್ಲೂ 50 ಪೌಂಡ್ ಅಂತಲೇ ಇದೆ. ಹುಡುಗನನ್ನು ಕರೆದು ತೂಕದ ಮಷೀನ್ ಮೇಲೆ ನಿಲ್ಲಿಸಿದೆ. ಇಪ್ಪತ್ತಮೂರು. ಶೂ ಬಿಚ್ಚಿಸಿದೆ. ಇಪ್ಪತ್ತೆರಡೂಮುಕ್ಕಾಲು. ಜೇಬು ನೋಡಿದೆ, ಗೋಲಿ ಇತ್ತು, ಅದನ್ನೂ ತೆಗೆಸಿದೆ. ಅಷ್ಟರಲ್ಲಿ ಅಡುಗೆಮನೆಯಿಂದ ಹೆಂಡತಿ, "ದೀಪಾವಳಿಗೆ ಚಕ್ಕುಲಿ ಮಾಡ್ಲಾ ಬೇಡ್ವಾ?" ಅಂತ ಕೇಳಿದಳು.

ಇನ್ನೂ ಉತ್ತರ ಕೊಟ್ಟಿಲ್ಲ. ಫ್ಯಾನ್ ಹಾಕುತ್ತೇನೆ, ಸಾಯುತ್ತಿದ್ದೇನೆ ಸೆಕೆಗೆ. ಸಬ್‌ಸ್ಕ್ರೈಬ್ ಆಗಿ.